ಆರ್ಡರ್ ಇಲ್ಲದ ದಿನಗಳಲ್ಲಿ ಕಲಿತ ತೂಕದ ಲೆಕ್ಕ

2008ರ ದೀಪಾವಳಿಯ ಹೊತ್ತಿಗೆ ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಮೂರು ಪಾಳಿ ಒಂದಕ್ಕಿಳಿದಿತ್ತು. ಅಮೆರಿಕದಲ್ಲಿ ಲೆಹ್ಮನ್ ಬ್ರದರ್ಸ್ ಮುಳುಗಿ ಒಂದೂವರೆ ತಿಂಗಳಾಗಿತ್ತಷ್ಟೆ. ಇಲ್ಲಿ ಲಾರಿ ಬಿಡಿಭಾಗಗಳನ್ನು ಕೇಳುವವರಿರಲಿಲ್ಲ. ಖರೀದಿ ವಿಭಾಗದಲ್ಲಿ ನಾನೂ ಸೇರಿ ನಾಲ್ವರಿದ್ದೆವು. "ಕೊಳ್ಳುವುದೇ ಇಲ್ಲ, ಕೊಳ್ಳುವವರು ಏಕೆ?" ಎಂದರು ಮಾಲೀಕರು. ಮೂರು ತಿಂಗಳು ಬಿಡಿ, ಹುಡುಗರಿಗೆ ಕೆಲಸ ಕಲಿಸುತ್ತೇನೆ ಎಂದು ಬೇಡಿಕೊಂಡೆ.

ಕೆಲಸ ಜೋರಾಗಿದ್ದಾಗ ನಮ್ಮ ಹುಡುಗರ ಖರೀದಿಯೆಂದರೆ ಫೋನು ಹಿಡಿದು "ಮಾಲು ಹೊರಟಿತೇ?" ಎನ್ನುವುದಷ್ಟೇ. ಹೊರಗಿನಿಂದ ತರಬೇತುದಾರರನ್ನು ಕರೆಸಲು ದುಡ್ಡಿರಲಿಲ್ಲ. ಹಾಗಾಗಿ ಬೆಳಿಗ್ಗೆ ನಮ್ಮ ಹಿರಿಯ ಟರ್ನರ್ ಬಳಿ ಲೇತ್ (ಲೋಹ ಕಡೆಯುವ ಯಂತ್ರ) ಪಾಠ, ಮಧ್ಯಾಹ್ನ ಹಳೆಯ ಬಿಲ್ಲುಗಳ ಪಾಠ. ಉಕ್ಕಿನ ದುಂಡು ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು, ಅದರ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂಬುದು ಸಿಗುತ್ತದೆ. ಲೇತ್ ನಡೆಸುವವರಿಗೆ ಬಾಯಿಪಾಠವಾದ ಈ ಲೆಕ್ಕ ಖರೀದಿಯ ಮೇಜಿಗೆ ಬಂದೇ ಇರಲಿಲ್ಲ.

ಎರಡನೇ ವಾರ ಒಬ್ಬ ಹುಡುಗ, ಸರಳು ಕತ್ತರಿಸಿ ಮಾಡುವ ಒಂದು ಪಿನ್ನಿನ ಕೊಟೇಶನ್ ಹಿಡಿದು ಬಂದ. ಸರಳು 40 ಮಿ.ಮೀ., ಕತ್ತರಿಸುವ ಉದ್ದ 128. ಲೆಕ್ಕಕ್ಕೆ 1.26 ಕಿಲೋ ಬರುತ್ತದೆ. ನಾವು ದುಡ್ಡು ಕೊಡುತ್ತಿದ್ದುದು 1.4 ಕಿಲೋ ಉಕ್ಕಿಗೆ. ಪೂರೈಕೆದಾರರನ್ನು ಕೇಳಿದರೆ ನಕ್ಕುಬಿಟ್ಟರು: "ಮೊದಲು 42ರ ಸರಳು ಹಾಕುತ್ತಿದ್ದೆವು. ಆಮೇಲೆ ಬದಲಾಯಿಸಿದೆವು. ನೀವು ಯಾರೂ ಕೇಳಲಿಲ್ಲವಲ್ಲ!" ಸಿಟ್ಟು ಅವರ ಮೇಲೆ ಬರಬೇಕಿತ್ತು, ನನ್ನ ಮೇಲೆಯೇ ಬಂತು. ಆ ಕೊಟೇಶನ್ನಿಗೆ ವರ್ಷವರ್ಷವೂ ಸಹಿ ಹಾಕಿದವನು ನಾನೇ.

ಹುಡುಗರಿಗೆ ಹುರುಪು ಹೆಚ್ಚಾಯಿತು. ಪಿನ್ನುಗಳನ್ನು ಕಾಯಿಸಿ ಗಡಸು ಮಾಡಿಕೊಡುವ ಹೀಟ್ ಟ್ರೀಟ್‌ಮೆಂಟಿನವರನ್ನೂ ಹಿಂಡಿ ರೇಟ್ ಇಳಿಸಿಕೊಂಡು ಬಂದರು. ಮುಂದಿನ ಬ್ಯಾಚಿನಲ್ಲಿ ಗಡಸುತನ ಒಂದೊಂದು ಪಿನ್ನಿಗೆ ಒಂದೊಂದು ಬಗೆ. ರೇಟ್ ಇಳಿದದ್ದಕ್ಕೆ ಕುಲುಮೆಯಲ್ಲಿ ಇಡುವ ಹೊತ್ತನ್ನೇ ಹೀಟ್ ಟ್ರೀಟ್‌ಮೆಂಟಿನವರು ಕಡಿಮೆ ಮಾಡಿದ್ದರು. ತೂಕ ಕಲಿಸಿದ ನಾನು ಹುಡುಗರನ್ನು ಕುಲುಮೆಯ ಮುಂದೆ ಕೂರಿಸಿರಲಿಲ್ಲ. ಮರುದಿನವೇ ಮೂವರನ್ನೂ ಅಲ್ಲಿಗೆ ಕಳುಹಿಸಿದೆ. ರೇಟ್ ಮೊದಲಿನಷ್ಟೇ ಆಯಿತು. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಕೊಡದಿದ್ದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕೆಂಬ 2006ರ ಕಾಯ್ದೆಯನ್ನು ಓದಿಸಿದ್ದೂ ಆಗಲೇ. ಅದು ನಮ್ಮ ಲೆಕ್ಕಪತ್ರದವರಿಗೂ ಹೊಸ ಸುದ್ದಿ!

ಮರುವರ್ಷ ಆರ್ಡರುಗಳು ಮರಳಿದವು. ಪಿನ್ನಿನ ಲೆಕ್ಕ ಹಿಡಿದ ಹುಡುಗ ಹೆಚ್ಚಿನ ಸಂಬಳಕ್ಕೆ ನಮ್ಮ ಗ್ರಾಹಕರೊಬ್ಬರ ಕಂಪನಿಗೇ ಹೊರಟುಹೋದ. "ಕಲಿಸಿದ್ದಕ್ಕೆ ಸಿಕ್ಕಿದ್ದು ಇದೇ" ಎಂದರು ಮಾಲೀಕರು. ಆಮೇಲೆ ನಾವು ಕೊಟೇಶನ್ ಕೊಡಲು ಹೋದಾಗಲೆಲ್ಲ ಮೇಜಿನಾಚೆ ಕುಳಿತು, ಕ್ಯಾಲ್ಕುಲೇಟರ್ ಎಳೆದುಕೊಂಡು, ಸರಳಿನ ವ್ಯಾಸವೆಷ್ಟು ಎಂದು ಮೊದಲು ಕೇಳುತ್ತಿದ್ದವನು ಅವನೇ.