ತೆರೆಯಲ್ಲಿದ್ದ ಮೈನಸ್ ಚಿಹ್ನೆ ಕಾಗದದಲ್ಲಿ ಮಾಯ

ಲೇಟೆಕ್ ಎಂಬ ಅಕ್ಷರಜೋಡಣೆ ತಂತ್ರಾಂಶದಲ್ಲಿ ಮಾಡಿದ ಪಿಡಿಎಫ್ ತೆರೆಯ ಮೇಲೆ ಸರಿಯಾಗಿಯೇ ಇತ್ತು. ಮುದ್ರಿಸಿದರೆ ಮೈನಸ್ ಇರಬೇಕಾದ ಕಡೆಯೆಲ್ಲ ಖಾಲಿ ಜಾಗ. ಪ್ಲಸ್, ಸಮಚಿಹ್ನೆಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಈ ವ್ಯತ್ಯಾಸವೇ ಸುಳಿವು.

ಲೇಟೆಕ್ ತಾನಾಗಿಯೇ ಬಳಸುವ ಕಂಪ್ಯೂಟರ್ ಮಾಡರ್ನ್ ಫಾಂಟ್ ಕುಟುಂಬದಲ್ಲಿ ಪ್ಲಸ್ ಮತ್ತು ಸಮಚಿಹ್ನೆ ಸಾಮಾನ್ಯ ಅಕ್ಷರಗಳ ಫಾಂಟಿನಲ್ಲೇ 43 ಮತ್ತು 61ನೇ ಸ್ಥಾನದಲ್ಲಿವೆ. ಮೈನಸ್ ಇರುವುದು ಸಿಎಂಎಸ್‌ವೈ ಎಂಬ ಚಿಹ್ನೆಗಳ ಫಾಂಟಿನ 0ನೇ ಸ್ಥಾನದಲ್ಲಿ. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಲೆಕ್ಕದಲ್ಲಿ 0ರಿಂದ 31ರವರೆಗಿನವು ನಿಯಂತ್ರಣ ಸಂಕೇತಗಳು, ಅಂದರೆ ಮುದ್ರಿಸುವ ಅಕ್ಷರಗಳಲ್ಲ. ಕೆಲವು ಪ್ರಿಂಟರ್ ಡ್ರೈವರ್‌ಗಳು (ಪ್ರಿಂಟರನ್ನು ನಡೆಸುವ ತಂತ್ರಾಂಶಗಳು) ಅವನ್ನು ನುಂಗಿಬಿಡುತ್ತವೆ. ಆಲ್ಫಾ ಕೂಡ ತನ್ನ ಫಾಂಟಿನ 11ನೇ ಸ್ಥಾನದಲ್ಲಿರುವುದರಿಂದ ಅದನ್ನೂ ಒಮ್ಮೆ ನೋಡಿಕೊಳ್ಳಿ.

ಮೊದಲು ‘ಪಿಡಿಎಫ್‌ಫಾಂಟ್ಸ್’ ಆಜ್ಞೆ ಓಡಿಸಿ, ಎಲ್ಲ ಫಾಂಟುಗಳೂ ಕಡತದೊಳಗೆ ಅಡಕವಾಗಿವೆಯೇ ಎಂದು ಪರೀಕ್ಷಿಸಿದೆ. ಆಗಿದ್ದವು. ನಂತರ ಮುದ್ರಣದ ಸಂವಾದಪೆಟ್ಟಿಗೆಯಲ್ಲಿ ‘ಚಿತ್ರವಾಗಿ ಮುದ್ರಿಸು’ ಆಯ್ದಾಗ ಮೈನಸ್ ಮರಳಿ ಬಂತು. ಅಂದರೆ ತಪ್ಪು ಕಡತದ್ದಲ್ಲ, ಡ್ರೈವರ್‌ನದು.

ಒಂದೆರಡು ಪುಟಕ್ಕೆ ಅಷ್ಟೇ ಸಾಕು. ದೊಡ್ಡ ಕಡತವಾದರೆ ನಿಧಾನ, ಅಕ್ಷರದ ಅಂಚೂ ಮಸುಕು. ಆಗ ಪಿಡಿಎಫ್ ಸಂಸ್ಕರಿಸುವ ಗೋಸ್ಟ್‌ಸ್ಕ್ರಿಪ್ಟ್ ತಂತ್ರಾಂಶದ ‘ನೋಔಟ್‌ಪುಟ್‌ಫಾಂಟ್ಸ್’ ಆಯ್ಕೆಯಿಂದ ಅಕ್ಷರಗಳನ್ನು ಬರೀ ರೇಖಾಕೃತಿಗಳಾಗಿ ಬದಲಿಸಬಹುದು. ಆ ಪ್ರತಿಯಲ್ಲಿ ಪದ ಹುಡುಕಲು ಬರುವುದಿಲ್ಲ, ಹಾಗಾಗಿ ಮುದ್ರಣಕ್ಕಷ್ಟೇ ಇಟ್ಟುಕೊಳ್ಳಿ.

ನನಗೆ ಮೆಚ್ಚಿಗೆಯಾದ ದಾರಿ ಬೇರೆ: ಲೇಟೆಕ್‌ನ ಹೊಸ ರೂಪವಾದ ಲುಅಲೇಟೆಕ್‌ಗೆ ಬದಲಾಗಿ, ಗಣಿತದ ಎಎಂಎಸ್‌ಮ್ಯಾತ್ ಪ್ಯಾಕೇಜಿನ ನಂತರ ಯೂನಿಕೋಡ್‌-ಮ್ಯಾತ್ ಪ್ಯಾಕೇಜ್ ಸೇರಿಸಿ, ಲ್ಯಾಟಿನ್ ಮಾಡರ್ನ್ ಮ್ಯಾತ್ ಫಾಂಟ್ ಬಳಸುವುದು. ಅಲ್ಲಿ ಮೈನಸ್‌ಗೆ 0ನೇ ಸ್ಥಾನದ ಗೋಜೇ ಇಲ್ಲ. ಸಾಲು ಮುರಿಯುವ ಜಾಗ ಅಲ್ಲಲ್ಲಿ ಬದಲಾಗುತ್ತದೆ, ಪುಟಗಳನ್ನು ಮತ್ತೆ ನೋಡಬೇಕು.