ಎರೆ ತಿರುಗಬಾರದು: ಕಡಲ ಗಾಳವನ್ನು ಹಳ್ಳದಲ್ಲಿ ಕಲಿತ ಬಗೆ

ನಾನು ಹುಟ್ಟಿ ಬೆಳೆದದ್ದು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಕೆಲಸಕ್ಕೆಂದು ನೆಲೆಸಿರುವುದು ಹಾಸನದಲ್ಲಿ. ಹೇಮಾವತಿಗೆ ಸೇರುವ ಹಳ್ಳವೊಂದು ನಮ್ಮ ಕಾಫಿ ತೋಟದ ಅಂಚಿನಲ್ಲೇ ಹರಿಯುವುದರಿಂದ, ಬಿದಿರು ಕೋಲಿಗೆ ದಾರ ಕಟ್ಟಿ, ಒಣಗಿದ ಜೋಳದ ದಂಟಿನ ಬೆಂಡು ಸಿಕ್ಕಿಸಿ, ಎರೆಹುಳು ಚುಚ್ಚಿ ಗಾಳ ಹಾಕುವುದು ನನಗೆ ಶಾಲೆಗೆ ಹೋಗುವ ವಯಸ್ಸಿನಿಂದಲೇ ಗೊತ್ತಿತ್ತು. ಅಕ್ಕನನ್ನು ಸುರತ್ಕಲ್ಲಿಗೆ ಮದುವೆ ಮಾಡಿಕೊಟ್ಟ ಮೇಲೆ ಶಿರಾಡಿ ಘಾಟಿ ಇಳಿದು ಹೋಗುವುದು ಹೆಚ್ಚಾಯಿತು, ಭಾವನ ಜೊತೆ ಕಡಲ ದಡದಲ್ಲಿ ನಿಂತು ಗಾಳ ಎಸೆಯುವುದೂ ಆರಂಭವಾಯಿತು. ಹಾಸನದಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 170 ಕಿಲೋಮೀಟರ್. ಅಷ್ಟು ದೂರ ಹೋಗಿ ಬರಿಗೈಯಲ್ಲಿ ಹಿಂದಿರುಗಿದ ಎರಡು ವರ್ಷಗಳ ನಂತರ ನನಗೆ ತಿಳಿದುಬಂದ ಒಂದು ಸಂಗತಿಯನ್ನು, ಅದು ತಿಳಿದ ಕ್ರಮದಲ್ಲಿಯೇ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಲ ನಾನು ತೋಟದ ಎರೆಹುಳುಗಳನ್ನೇ ತೆಂಗಿನ ಚಿಪ್ಪಿನಲ್ಲಿ ಮಣ್ಣಿನ ಸಮೇತ ಒಯ್ದಿದ್ದೆ. ಹಳ್ಳದಲ್ಲಿ ಅರ್ಧ ಗಂಟೆಯಾದರೂ ನುಲಿಯುತ್ತಿರುವ ಹುಳು ಕಡಲಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಸತ್ತು, ಬಣ್ಣಗೆಟ್ಟು, ನೆನೆದ ದಾರದಂತೆ ಜೋತುಬೀಳುತ್ತಿತ್ತು. ಉಪ್ಪುನೀರು ಹುಳುವಿನ ಮೈಯ ನೀರನ್ನು ಹೊರಗೆಳೆದುಬಿಡುತ್ತದೆ ಎಂಬುದು ನನಗೆ ಆಗ ಹೊಳೆದಿರಲಿಲ್ಲ. ಎರಡನೆಯ ಸಲ ಹಾಸನದ ಮಾರುಕಟ್ಟೆಯಲ್ಲಿ ಸಿಗಡಿ ಕೊಂಡು, ಐಸ್ ಜೊತೆ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋದೆ. ಕಡಲಿನಿಂದ ಹಾಸನಕ್ಕೆ ಹತ್ತಿ ಬಂದ ಸಿಗಡಿಯನ್ನು ಮತ್ತೆ ಕಡಲಿಗೇ ಇಳಿಸಿಕೊಂಡು ಹೋಗುವಷ್ಟರಲ್ಲಿ ಐಸ್ ಕರಗಿ, ಆ ಸಿಹಿನೀರಿನಲ್ಲಿ ನೆನೆದು ಮಾಂಸ ಮೆತ್ತಗಾಗಿತ್ತು. ಗಾಳ ಬೀಸಿ ಎಸೆದ ರಭಸಕ್ಕೆ ಅರ್ಧದಷ್ಟು ಗಾಳಿಯಲ್ಲಿಯೇ ಕಳಚಿ ಬೀಳುತ್ತಿತ್ತು. ಈಗ ಎರೆಯನ್ನು, ಅಂದರೆ ಗಾಳಕ್ಕೆ ಚುಚ್ಚುವ ಸಿಗಡಿ, ಮೀನಿನಂಥ ಆಮಿಷವನ್ನು, ಸುರತ್ಕಲ್ಲಿನಲ್ಲಿಯೇ ಬೆಳಿಗ್ಗೆ ಕೊಳ್ಳುತ್ತೇನೆ, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ಐಸಿನ ಮೇಲಿಡುತ್ತೇನೆ, ಕರಗಿದ ನೀರು ಅದಕ್ಕೆ ತಾಗದಂತೆ ನೋಡಿಕೊಳ್ಳುತ್ತೇನೆ.

ಎರೆ ತಾಜಾ ಆದ ಮೇಲೂ ಮೀನು ಸಿಗಲಿಲ್ಲ. ಸಸಿಹಿತ್ಲುವಿನಲ್ಲಿ ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವ ಅಳಿವೆಯ ಬಳಿ ಒಂದು ಬೆಳಿಗ್ಗೆ ನಾನು ಗಾಳ ಎಳೆದು ನೋಡುವಾಗಲೆಲ್ಲ, ಗಾಳ ಕಟ್ಟಿದ ಕವಲು ದಾರವು ಮೂಲ ದಾರಕ್ಕೆ ಹಗ್ಗ ಹೊಸೆದಂತೆ ಸುತ್ತಿಕೊಂಡಿರುತ್ತಿತ್ತು. ನೀರಿನ ಸೆಳೆತಕ್ಕೆ ಹಾಗಾಗುತ್ತದೆ ಎಂದುಕೊಂಡು ಬಿಡಿಸುತ್ತಾ ಕುಳಿತಿದ್ದೆ. ಪಕ್ಕದಲ್ಲಿ ಬರಿ ಕೈದಾರದಲ್ಲಿ ಒಂದರ ಹಿಂದೊಂದು ಕಾಣೆ ಮೀನು ಎಳೆಯುತ್ತಿದ್ದ ಹಿರಿಯರೊಬ್ಬರು ಬಂದು ನನ್ನ ಗಾಳವನ್ನು ದಡದ ತಿಳಿನೀರಿನಲ್ಲಿ ನಿಧಾನವಾಗಿ ಎಳೆದು ತೋರಿಸಿದರು. “ನೋಡಿ ಮಾರಾಯ್ರೇ, ನಿಮ್ಮ ಸಿಗಡಿ ಬುಗುರಿ ಹಾಗೆ ತಿರುಗ್ತದೆ. ಜೀವ ಇರುವ ಸಿಗಡಿ ಎಲ್ಲಿಯಾದ್ರೂ ಹಾಗೆ ತಿರುಗ್ತದಾ?” ಎಂದರು. ನಾನು ಸಿಗಡಿಯನ್ನು ನಡುಬೆನ್ನಿಗೆ ಚುಚ್ಚಿದ್ದೆ. ಅದು ಬಾಗಿದ ಮೈಯಲ್ಲಿ, ಬಾಲದ ಬೀಸಣಿಗೆ ಬಿಚ್ಚಿಕೊಂಡು, ಸೆಳೆತ ಬಂದ ಕಡೆಗೆಲ್ಲ ಗಿರಗಿರನೆ ಸುತ್ತುತ್ತಿತ್ತು. ದಾರ ಹೊಸೆದುಕೊಳ್ಳುತ್ತಿದ್ದುದು ಕಡಲಿನಿಂದಲ್ಲ, ನಾನು ಎರೆ ಚುಚ್ಚಿದ ರೀತಿಯಿಂದ.

ಆ ಮಾತು ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಅಲೆ ಒಡೆಯುವ ಕಲಕು ನೀರಿನಲ್ಲಿ ಎರೆ ಏನು ಮಾಡುತ್ತಿದೆ ಎಂಬುದು ನಮಗೆ ಕಾಣುವುದಿಲ್ಲ, ಆದರೆ ಜನವರಿ, ಫೆಬ್ರವರಿಯಲ್ಲಿ ನಮ್ಮ ತೋಟದ ಹಳ್ಳದ ನೀರು ತಳದ ಬೆಣಚುಕಲ್ಲು ಎಣಿಸುವಷ್ಟು ತಿಳಿಯಾಗಿರುತ್ತದೆ. ಊರಿಗೆ ಹೋದಾಗ ಒಂದು ಡಜನ್ ಗಾಳಗಳ ಮೊನೆಯನ್ನು ಇಕ್ಕಳದಿಂದ ಕತ್ತರಿಸಿ ಹಾಕಿ, ಕಡಲಿಗೆ ಕಟ್ಟುವಂತೆಯೇ ಸೀಸ ಮತ್ತು ಕವಲು ದಾರಗಳನ್ನು ಕಟ್ಟಿ, ಮೊಣಕಾಲುದ್ದದ ನೀರು ಚುರುಕಾಗಿ ಹರಿಯುವ ಜಾಗದಲ್ಲಿ ಇಳಿಬಿಟ್ಟು, ಬಂಡೆಯ ಮೇಲೆ ಬೋರಲು ಮಲಗಿ ನೋಡಿದೆ. ಮೀನಿಗೆ ಏನು ಕಾಣುತ್ತದೆಯೋ ಅದು ನನಗೂ ಕಂಡದ್ದು ಅಂದೇ. ಆಮೇಲಿನ ನನ್ನ ಕಲಿಕೆಯೆಲ್ಲ ಆ ಬಂಡೆಯ ಮೇಲಿನಿಂದಲೇ ಬಂದದ್ದು.

ಸಿಗಡಿಯ ವಿಷಯವನ್ನು ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಕೆಡಿಸುವುದು ಇದನ್ನೇ. ಮೊದಲು ಬಾಲದ ಬೀಸಣಿಗೆಯನ್ನು ಉಗುರಿನಿಂದ ಚಿವುಟಿ ತೆಗೆಯಬೇಕು. ತಲೆಯನ್ನೂ ತೆಗೆದು, ಗಾಳದ ಮೊನೆಯನ್ನು ಬಾಲದ ಕತ್ತರಿಸಿದ ತುದಿಯಿಂದ ಒಳಗೆ ಹೊಗಿಸಿ, ಸಿಗಡಿಯ ಮೈಯನ್ನು ಬೆರಳಿನಿಂದ ನೇರ ಮಾಡುತ್ತಾ, ಗಾಳದ ಕಾಲಿನ (ಕಣ್ಣಿನಿಂದ ಬಾಗಿನವರೆಗಿನ ನೇರ ಭಾಗದ) ಮೇಲೆ ದಿಂಬಿಗೆ ಗವಸು ಏರಿಸುವಂತೆ ಏರಿಸಿಕೊಂಡು ಹೋಗಿ, ಗಾಳದ ಬಾಗು ಬರುವಲ್ಲಿ ಹೊಟ್ಟೆಯ ಕಡೆಯಿಂದ ಮೊನೆಯನ್ನು ಹೊರತರಬೇಕು. ಬಾಲದ ತುದಿ ಗಾಳದ ಕಣ್ಣನ್ನು ದಾಟಿ ದಾರದ ಮೇಲೆ ಸ್ವಲ್ಪ ಕುಳಿತರೆ ಒಳ್ಳೆಯದು. ನಂತರ ತೆಳುವಾದ ಹೊಲಿಗೆ ನೂಲಿನಿಂದ ಬಾಲದ ತುದಿಯಿಂದ ಆರಂಭಿಸಿ ಹತ್ತು ಹನ್ನೆರಡು ಸುತ್ತು ಸುತ್ತಿ ಒಂದು ಕುಣಿಕೆ ಹಾಕಿದರೆ, ಎಸೆತದ ರಭಸಕ್ಕೂ ಎರೆ ಜಾರಿ ಬಾಗಿನಲ್ಲಿ ಮುದ್ದೆಯಾಗುವುದಿಲ್ಲ. ಹೀಗೆ ಕಟ್ಟಿದ ಸಿಗಡಿ ಹಳ್ಳದ ಸೆಳೆತದಲ್ಲಿ ಬೆಂಡೆಕಾಯಿಯಂತೆ ನೇರವಾಗಿ ಮಲಗಿ, ತುಸು ಅತ್ತಿತ್ತ ಓಲಾಡುತ್ತದೆಯೇ ಹೊರತು ತಿರುಗುವುದಿಲ್ಲ. ಮೊನೆ ಪೂರ್ತಿ ಹೊರಗಿರಬೇಕು. ಮೀನು ನೋಡೀತು ಎಂದು ಮೊನೆಯನ್ನು ಮಾಂಸದೊಳಗೆ ಅಡಗಿಸುವ ಅಭ್ಯಾಸ ನಮ್ಮ ಕೆರೆ ಹಳ್ಳಗಳ ಕಡೆ ಇದೆ, ಅದನ್ನು ನಾನು ಕಡಲಿಗೆ ಒಯ್ದು ಹಲವು ಮೀನುಗಳನ್ನು ಕಳೆದುಕೊಂಡಿದ್ದೇನೆ.

ಬಂಗುಡೆಯ ತುಂಡಿನ ವಿಷಯದಲ್ಲಿ ಹಳ್ಳ ಬೇರೆಯದನ್ನೇ ಕಲಿಸಿತು. ಸಾರಿಗೆ ಹೆಚ್ಚಿದಂತೆ ಚೌಕ ತುಂಡು ಮಾಡಿ ಚುಚ್ಚಿದರೆ ಅದು ಗಾಳಿಪಟದಂತೆ ಎದ್ದು ಸುತ್ತುತ್ತದೆ. ಪಕ್ಕೆಯ ಮಾಂಸವನ್ನು ಚರ್ಮದ ಸಮೇತ, ಕಿರುಬೆರಳಿನಷ್ಟು ಉದ್ದ ಮತ್ತು ಒಂದು ತುದಿ ಚೂಪಾಗುವಂತೆ ಓರೆಯಾಗಿ ಸೀಳಿ, ಗಾಳವನ್ನು ಅಗಲವಾದ ತುದಿಯಲ್ಲಿ ಚರ್ಮದ ಮೂಲಕ ಒಂದೇ ಸಲ ದಾಟಿಸಿದರೆ, ಚೂಪಾದ ತುದಿ ಸೆಳೆತದಲ್ಲಿ ಪುಟ್ಟ ಮೀನಿನ ಬಾಲದಂತೆ ಬಡಿಯುತ್ತದೆ. ಚರ್ಮವಿಲ್ಲದ ಬಂಗುಡೆ ಎರೆಯೇ ಅಲ್ಲ, ಎರಡು ಅಲೆಗೆ ಉದುರಿಹೋಗುತ್ತದೆ. ಬೂತಾಯಿಯಂತೂ ಎಣ್ಣೆ ತುಂಬಿದ, ವಾಸನೆಗೆ ಹೆಸರಾದ ಮೀನಾದರೂ ತುಂಬಾ ಮೃದು. ಹಿಂದಿನ ರಾತ್ರಿಯೇ ಪಕ್ಕೆಗಳನ್ನು ಸೀಳಿ ಕಲ್ಲುಪ್ಪಿನ ನಡುವೆ ಪದರಪದರವಾಗಿ ಇಟ್ಟರೆ ನೀರು ಬಿಟ್ಟು, ಬೆಳಗಾಗುವಷ್ಟರಲ್ಲಿ ತೊಗಲಿನಂತೆ ಬಿಗಿಯಾಗುತ್ತದೆ. ಬೊಂಡಾಸ್‌ಗೆ (ಸ್ಕ್ವಿಡ್) ಇಂಥ ಉಪಚಾರವೇನೂ ಬೇಡ. ಅಕ್ಕ ಅಡುಗೆಗೆ ಶುಚಿ ಮಾಡುವಾಗ ಪಕ್ಕಕ್ಕಿಟ್ಟ ಕಾಲುಗಳೇ ನನಗೆ ಒಂದು ಬೆಳಗಿಗೆ ಸಾಕಾಗುತ್ತವೆ.

ಇನ್ನು ಕಟ್ಟುವ ಬಗೆ. ಅಲೆ ಒಡೆಯುವ ತೆರೆದ ಮರಳು ದಡಕ್ಕೆ ನಾನು ಸೀಸವನ್ನು ದಾರದ ಕೆಳತುದಿಗೆ ಕಟ್ಟಿ, ಅದರ ಮೇಲೆ ಒಂದು ಗೇಣಿನ ಅಂತರದಲ್ಲಿ ಒಂದು, ಮತ್ತೂ ಎರಡು ಗೇಣು ಮೇಲೆ ಇನ್ನೊಂದು ಕವಲು ಬಿಡುತ್ತೇನೆ. ಸೀಸ ಗೋಪುರದಾಕಾರದ್ದಾಗಿದ್ದರೆ ಮರಳಿನಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ, ಗುಂಡು ಸೀಸ ದಡದುದ್ದಕ್ಕೂ ಉರುಳಿ ಪಕ್ಕದವರ ದಾರಕ್ಕೆ ಸೇರುತ್ತದೆ. ಕವಲಿನ ಉದ್ದ ಎಷ್ಟಿರಬೇಕು ಎಂಬುದರ ಮೇಲೆ ಬಹಳ ಚರ್ಚೆ ಕೇಳಿದ್ದೇನೆ. ನಾನು ಕಂಡದ್ದು ಇಷ್ಟು: ನೀರು ಕಲಕಿದಷ್ಟೂ ಕವಲು ಗಿಡ್ಡವಾಗಬೇಕು, ನೀರು ಶಾಂತವಾದಷ್ಟೂ ಉದ್ದವಾಗಬಹುದು. ಅಲೆಯಲ್ಲಿ 20 ಸೆಂಟಿಮೀಟರಿಗಿಂತ ಹೆಚ್ಚು ಬಿಟ್ಟರೆ ಅದು ಮೂಲ ದಾರವನ್ನು ತಬ್ಬಿಕೊಳ್ಳುತ್ತದೆ. ಕವಲಿಗೆ ತುಸು ದಪ್ಪನೆಯ, ಬಿರುಸಾದ ನೈಲಾನ್ ಬಳಸಿದರೆ ಅದು ಕೊಂಬೆಯಂತೆ ಹೊರಚಾಚಿ ನಿಲ್ಲುತ್ತದೆ. ತೆಳು ದಾರ ಮೀನಿಗೆ ಕಾಣುವುದಿಲ್ಲ ಎಂಬ ಮಾತು ತಿಳಿನೀರಿಗೆ ಸಲ್ಲುತ್ತದೆ, ಮರಳು ಎದ್ದ ನೀರಿಗೆ ಅದರ ಚಿಂತೆ ಬೇಡ.

ಅಳಿವೆಯ ಒಳಗೆ, ನದಿ ಕಡೆಯ ಶಾಂತ ನೀರಿನಲ್ಲಿ, ಈ ಕಟ್ಟನ್ನು ಬಿಟ್ಟು ಓಡುವ ಸೀಸವನ್ನು ಕಟ್ಟುತ್ತೇನೆ. ನಡುವೆ ತೂತಿರುವ ಸೀಸದೊಳಗೆ ಮೂಲ ದಾರವನ್ನು ಪೋಣಿಸಿ, ಒಂದು ಮಣಿ ಹಾಕಿ, ಸ್ವಿವಲ್ (ದಾರ ಹೊಸೆದುಕೊಳ್ಳದಂತೆ ತಿರುಗುವ ಕೊಂಡಿ) ಕಟ್ಟಿ, ಅದರಾಚೆ ಒಂದು ಮೊಳ ಕವಲಿಗೆ ಒಂದೇ ಗಾಳ. ಇಲ್ಲಿ ಮೀನು ಎರೆ ಎತ್ತಿಕೊಂಡು ಹೋದಾಗ ದಾರ ಸೀಸದೊಳಗಿಂದ ಸರಾಗವಾಗಿ ಸರಿಯುವುದರಿಂದ ಅದಕ್ಕೆ ಭಾರ ತಿಳಿಯುವುದಿಲ್ಲ. ಭರತ, ಅಂದರೆ ಉಬ್ಬರ, ಏರತೊಡಗಿದ ಮೊದಲ ಎರಡು ಗಂಟೆ ಅಲ್ಲಿ ನನಗೆ ಒಳ್ಳೆಯದಾಗಿದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆಯಾದ್ದರಿಂದ, ಹಾಸನದಲ್ಲಿ ಬಸ್ಸು ಹತ್ತುವ ಮೊದಲೇ ಲೆಕ್ಕ ಹಾಕಿಕೊಂಡು ಹೊರಡುವುದು ನಮ್ಮಂಥ ಘಟ್ಟದ ಮೇಲಿನವರಿಗೆ ಅಗತ್ಯ.

ಗಾಳದ ಗಾತ್ರದಲ್ಲಿ ಅಂಗಡಿಯವರ ಮಾತು ಕೇಳಿ ನಾನು ಬಹಳ ಕಾಲ 2/0 ಗಾಳಗಳನ್ನೇ ಕಟ್ಟಿದೆ. ಕಾಣೆಯ ಬಾಯಿ ಚಿಕ್ಕದು, ತಳದ ಮರಳಿನಲ್ಲಿ ಹುಳು, ಸಣ್ಣ ಸಿಗಡಿಗಳನ್ನು ಹೀರಿ ತಿನ್ನುವ ಮೀನು ಅದು. ಅದಕ್ಕೆ ಉದ್ದ ಕಾಲಿನ 6 ಅಥವಾ 8ನೇ ನಂಬರಿನ ಗಾಳ ಸಾಕು. ಒಂದು ದಾಟಿದ ಮೇಲೆ ನಂಬರು ಹೆಚ್ಚಿದಷ್ಟೂ ಗಾಳ ಚಿಕ್ಕದಾಗುತ್ತದೆ ಎಂಬುದನ್ನು ಹೊಸಬರು ನೆನಪಿಡಬೇಕು, ಸೊನ್ನೆ ಸೇರಿದ 1/0, 2/0 ಗಾಳಗಳು ಮಾತ್ರ ಏರುತ್ತಾ ಹೋಗುತ್ತವೆ. ಹೊಸ ಗಾಳವಾದರೂ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡುತ್ತೇನೆ. ಗೀರು ಬಿದ್ದು ನಿಂತರೆ ಸರಿ, ಜಾರಿದರೆ ಅರದಿಂದ ಉಜ್ಜಿ ಹರಿತ ಮಾಡಬೇಕು. ದೊಡ್ಡ ಮೀನಿನ ಆಸೆಗೆ ಸುತ್ತುಗಾಳ, ಅಂದರೆ ಮೊನೆ ಒಳಮುಖವಾಗಿ ಬಾಗಿದ ಸರ್ಕಲ್ ಹುಕ್, ಬಳಸುವಾಗ ಎರೆಯನ್ನು ಒಂದು ಅಂಚಿಗೆ ಮಾತ್ರ ಚುಚ್ಚಿ, ಮೊನೆಗೂ ಕಾಲಿಗೂ ನಡುವಿನ ಜಾಗವನ್ನು ಖಾಲಿ ಬಿಡಬೇಕು. ಮೀನು ಕಚ್ಚಿದಾಗ ರಾಡ್ ಅನ್ನು ಝಾಡಿಸಬಾರದು, ನಿಧಾನವಾಗಿ ಸುತ್ತುತ್ತಾ ಬಂದರೆ ಗಾಳ ತಾನಾಗಿ ಬಾಯಿಯ ಮೂಲೆಗೆ ಹೊರಳಿ ಸಿಕ್ಕಿಕೊಳ್ಳುತ್ತದೆ. ಗಂಟಲಿಗೆ ಇಳಿಯದೆ ಇರುವುದರಿಂದ ಮರಿಮೀನುಗಳನ್ನು ಬದುಕಿಸಿ ಹಿಂದಕ್ಕೆ ಬಿಡಲು ಸಾಧ್ಯವಾಗುತ್ತದೆ, ಈ ಕಾರಣಕ್ಕೇ ಅದನ್ನು ನಾನು ಎಲ್ಲರಿಗೂ ಹೇಳುತ್ತೇನೆ.

ಎರಡು ಎಚ್ಚರಿಕೆಗಳನ್ನು ಬಿಡಲಾರೆ. ನೂರು ಗ್ರಾಂ ಸೀಸವನ್ನು ತೆಳು ದಾರದಲ್ಲಿ ಬೀಸಿ ಎಸೆಯುವಾಗ ದಾರ ತುಂಡಾದರೆ ಆ ಸೀಸ ಎದುರಿಗಿದ್ದವರಿಗೆ ಗುಂಡೇಟಿನಂತೆ ಬಡಿಯುತ್ತದೆ. ಆದ್ದರಿಂದ ಮೊದಲ ಕೆಲವು ಮೀಟರುಗಳಿಗೆ ದಪ್ಪ ಲೀಡರ್, ಅಂದರೆ ಮೂಲ ದಾರದ ತುದಿಗೆ ಸೇರಿಸುವ ಗಟ್ಟಿ ದಾರ, ಕಟ್ಟಬೇಕು. ಸೀಸದ ಪ್ರತಿ ಔನ್ಸಿಗೆ 10 ಪೌಂಡ್ ತಾಳುವ ದಾರ ಎಂಬುದು ವಾಡಿಕೆಯ ಲೆಕ್ಕ, ನೂರು ಗ್ರಾಮಿಗೆ ನಾನು 40 ಪೌಂಡಿನದು ಕಟ್ಟುತ್ತೇನೆ. ಗಂಟನ್ನು ಬಿಗಿಯುವ ಮುನ್ನ ಎಂಜಲಿನಿಂದ ಒದ್ದೆ ಮಾಡದಿದ್ದರೆ ನೈಲಾನ್ ಉಜ್ಜಿ ಕಾದು ದುರ್ಬಲವಾಗುತ್ತದೆ. ಎರಡನೆಯದು ಕಡಲ್ಕೊರೆತ ತಡೆಯಲು ಹಾಕಿದ ಬಂಡೆಗಳ ಮೇಲೆ ನಿಲ್ಲುವವರಿಗೆ. ಪಾಚಿ ಹಿಡಿದ ಕಲ್ಲು ನಮ್ಮ ಹಳ್ಳದ ಕಲ್ಲಿಗಿಂತ ಜಾರು, ಮಳೆಗಾಲದಲ್ಲಿ ಅಲ್ಲಿಗೆ ಕಾಲಿಡಲೇಬಾರದು. ಬೇಸಿಗೆಯಲ್ಲಿ ಅಲ್ಲಿ ಗಾಳ ಹಾಕಿದರೂ ಸೀಸವನ್ನು ಮೂಲ ದಾರಕ್ಕಿಂತ ದುರ್ಬಲವಾದ ತುಂಡು ದಾರದಲ್ಲಿ ಕಟ್ಟಿದರೆ, ಸೀಸ ಕಲ್ಲಿನ ಸಂದಿಗೆ ಸಿಕ್ಕಾಗ ಅದೊಂದೇ ಹೋಗಿ ಉಳಿದ ಕಟ್ಟು, ಕೆಲವೊಮ್ಮೆ ಮೀನೂ, ಕೈಗೆ ಬರುತ್ತದೆ. ಕತ್ತರಿಸಿದ ದಾರದ ತುಂಡುಗಳನ್ನು ದಡದಲ್ಲಿ ಎಸೆದು ಹೋಗುವವರನ್ನು ಕಂಡರೆ ನನಗೆ ನಿಜವಾಗಿ ನೋವಾಗುತ್ತದೆ. ಹಕ್ಕಿಯ ಕಾಲಿಗೆ ಸುತ್ತಿಕೊಂಡ ನೈಲಾನನ್ನು ಬಿಡಿಸಿದ್ದೇನೆ.

ಕಳೆದ ಡಿಸೆಂಬರಿನಿಂದ ನಾನು ಮತ್ತು ಭಾವ ಕೈಹಾಕಿರುವುದು ಮರಳೇಡಿಗೆ. ಅಲೆ ಹಿಂದೆ ಸರಿದಾಗ ಒದ್ದೆ ಮರಳಿನೊಳಗೆ ಹಿಮ್ಮುಖವಾಗಿ ಹುದುಗಿಕೊಳ್ಳುವ, ಹೆಬ್ಬೆರಳಿನ ತುದಿಯಷ್ಟಿರುವ ಆ ಬೂದು ಏಡಿಯನ್ನು ದಡದಲ್ಲಿಯೇ ಬೊಗಸೆ ಮರಳಿನ ಜೊತೆ ಎತ್ತಿಕೊಳ್ಳಬಹುದು. ಎರೆಯಾಗಿ ಅದು ಚೆನ್ನಾಗಿದೆ ಎಂದು ಕೇಳಿದ್ದರೂ ನಮ್ಮ ಗಾಳಕ್ಕೆ ಒಂದೂ ಮೀನು ಕಚ್ಚಿರಲಿಲ್ಲ. ಇದನ್ನು ಹಳ್ಳದ ಸಿಹಿನೀರಿನಲ್ಲಿ ನೋಡುವಂತಿಲ್ಲ. ಹಾಗಾಗಿ ಹತ್ತು ಲೀಟರಿನ ಎರಡು ಕ್ಯಾನುಗಳಲ್ಲಿ ಕಡಲ ನೀರನ್ನೂ ಒಂದು ಚೀಲ ಮರಳನ್ನೂ ಹಾಸನಕ್ಕೆ ತಂದು, ಹಿತ್ತಲಿನ ಪ್ಲಾಸ್ಟಿಕ್ ಟಬ್ಬಿನಲ್ಲಿ ತುಂಬಿ, ಮೊನೆ ಮುರಿದ ಗಾಳಕ್ಕೆ ಏಡಿಯನ್ನು ಚುಚ್ಚಿ ಬಿಟ್ಟೆ. “ಇದೇನೋ, ಕಡಲನ್ನೇ ಮನೆಗೆ ತಂದಿದ್ದೀಯಲ್ಲ” ಎಂದು ಅಮ್ಮ ಪಕ್ಕದಲ್ಲಿಯೇ ಕುಳಿತು ನೋಡಿದರು. ಏಡಿ ಸಾಯದೆ, ಗಾಳದ ಸಮೇತ ಕಣ್ಣೆವೆ ಇಕ್ಕುವಷ್ಟರಲ್ಲಿ ಮರಳಿನೊಳಗೆ ಇಳಿದುಹೋಯಿತು. ಹೊರಗೆ ಕಾಣುತ್ತಿದ್ದುದು ದಾರ ಮಾತ್ರ. ಮುಂದಿನ ಸಲ ಕೆಳಗಿನ ಕವಲನ್ನು ತೆಗೆದುಹಾಕಿ, ಮೇಲಿನದನ್ನು ಹತ್ತು ಸೆಂಟಿಮೀಟರಿಗೆ ಗಿಡ್ಡ ಮಾಡಿ, ದಾರವನ್ನು ಬಿಗಿಯಾಗಿ ಹಿಡಿದು ಏಡಿಯ ಕಾಲು ತಳಕ್ಕೆ ತಾಗದಂತೆ ನಿಲ್ಲಿಸಿದೆವು. ಆ ಬೆಳಿಗ್ಗೆ ಒಂಬತ್ತು ಗಂಟೆಯೊಳಗೆ ಭಾವನಿಗೆ ನಾಲ್ಕು, ನನಗೆ ಮೂರು ಕಾಣೆ ಸಿಕ್ಕವು.