ಪ್ರಕೃತಿಯನ್ನು ಕಲಿಸಿದ ಪ್ರಾಧ್ಯಾಪಕರು ತೀರಿಕೊಂಡ ಮೇಲೆ ಶಿಷ್ಯರು ಮಾಡಬೇಕಾದ ಕೆಲಸಗಳು

ಜೀವಶಾಸ್ತ್ರವನ್ನು ತರಗತಿಯಲ್ಲಿ ಬೋಧಿಸಿದ್ದಲ್ಲದೆ ಕಾಡು, ಕೆರೆ, ಹುಲ್ಲುಗಾವಲುಗಳಲ್ಲಿ ನಡೆಸಿಕೊಂಡು ಹೋಗಿ ಕಲಿಸಿದ ಪ್ರಾಧ್ಯಾಪಕರು ತೀರಿಕೊಂಡಾಗ ಶಿಷ್ಯರಿಗೆ ಮೊದಲು ತೋಚುವುದು ನುಡಿನಮನದ ಸಭೆ, ಭಾವಚಿತ್ರದ ಅನಾವರಣ, ಹೆಚ್ಚೆಂದರೆ ಒಂದು ಸಂಸ್ಮರಣ ಗ್ರಂಥ. ಇವುಗಳಲ್ಲಿ ತಪ್ಪೇನೂ ಇಲ್ಲ, ಆದರೆ ಇವೆಲ್ಲ ಆರು ತಿಂಗಳು ತಡವಾದರೂ ನಡೆಯುತ್ತದೆ. ತಡೆಯಲಾಗದ ಕೆಲಸ ಬೇರೆಯದಿದೆ. ಅವರು ದಶಕಗಳ ಕಾಲ ಬರೆದಿಟ್ಟ ಟಿಪ್ಪಣಿ ಪುಸ್ತಕಗಳು, ಒಣಗಿಸಿಟ್ಟ ಗಿಡಗಳು, ಕೀಟಗಳ ಪೆಟ್ಟಿಗೆಗಳು, ಸ್ಲೈಡುಗಳು ಮನೆ ಬದಲಾಯಿಸುವಾಗಲೋ ವಿಭಾಗದ ಕೊಠಡಿಯನ್ನು ತೆರವು ಮಾಡುವಾಗಲೋ ರದ್ದಿಗೆ ಸೇರಿಬಿಡುತ್ತವೆ. ಜೀವಮಾನವೆಲ್ಲ ನೋಡುವುದರಲ್ಲೇ ಕಳೆದವರನ್ನು ನೆನೆಯುವುದೆಂದರೆ, ಅವರು ನೋಡಿದ್ದನ್ನು ಮುಂದಿನವರು ಬಳಸಲು ಬರುವಂತೆ ಉಳಿಸುವುದು ಎಂದೇ ನಾನು ನಂಬಿದ್ದೇನೆ. ಈ ಬರಹ ಅದಕ್ಕೆ ಬೇಕಾದ ಕ್ರಮವನ್ನು ಹೇಳುತ್ತದೆ.

ಉತ್ತರಕ್ರಿಯೆಗಳು ಮುಗಿದ ಮೇಲೆ, ಮನೆಯವರಿಗೆ ಪರಿಚಯವಿರುವ ಇಬ್ಬರು ಹಳೆಯ ವಿದ್ಯಾರ್ಥಿಗಳು ಹೋಗಿ ಒಂದೇ ಒಂದು ಮಾತನ್ನು ಕೇಳಿಕೊಳ್ಳಬೇಕು: "ಅಮ್ಮಾ, ಸರ್ ಅವರ ಕಾಗದಪತ್ರಗಳಲ್ಲಿ ಸದ್ಯಕ್ಕೆ ಯಾವುದನ್ನೂ ಎಸೆಯಬೇಡಿ, ವಿಂಗಡಿಸುವುದಕ್ಕೆ ನಾವು ಬರುತ್ತೇವೆ." ಮೊದಲ ಭೇಟಿಯಲ್ಲಿ ಅಷ್ಟೇ ಸಾಕು. ಮನೆಯಲ್ಲಿರುವ ಕಾಗದಪತ್ರಗಳ ಹಕ್ಕು ಕುಟುಂಬದ್ದು, ವಿಭಾಗದಲ್ಲಿರುವ ಸಂಗ್ರಹ ಕಾಲೇಜಿನದು. ಆದ್ದರಿಂದ ಏನನ್ನಾದರೂ ಹೊರಗೆ ಒಯ್ಯುವ ಮುನ್ನ ಇಬ್ಬರಿಂದಲೂ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಖಾಸಗಿ ಪತ್ರಗಳು ಕಂಡರೆ ಓದದೆ ಮನೆಯವರ ಕೈಗೆ ಕೊಡುವುದು ಮರ್ಯಾದೆ.

ಟಿಪ್ಪಣಿ ಪುಸ್ತಕಗಳಿಂದ ಕೆಲಸ ಆರಂಭಿಸಿ. ಅವುಗಳನ್ನು ಮುಟ್ಟುವ ಮೊದಲು ಬೀರುವಿನಲ್ಲಿ ಇದ್ದ ಹಾಗೆಯೇ ಒಂದು ಚಿತ್ರ ತೆಗೆದುಕೊಳ್ಳಿ, ಏಕೆಂದರೆ ಅವರು ಜೋಡಿಸಿದ ಕ್ರಮವೂ ಒಂದು ಮಾಹಿತಿಯೇ. ಪ್ರತಿ ಪುಸ್ತಕಕ್ಕೂ ಪೆನ್ಸಿಲಿನಲ್ಲಿ ಸಂಖ್ಯೆ ಹಾಕಿ, ರಕ್ಷಾಪುಟದ ಒಳಭಾಗವನ್ನೂ ಖಾಲಿ ಪುಟಗಳನ್ನೂ ಬಿಡದೆ, ಕಿಟಕಿಯ ಬೆಳಕಿನಲ್ಲಿ ಪುಟಪುಟವಾಗಿ ಚಿತ್ರ ತೆಗೆಯಿರಿ. ಹರಿದ ಪುಟಕ್ಕೆ ಸೆಲೊಟೇಪ್ ಅಂಟಿಸಬಾರದು, ತುಕ್ಕು ಹಿಡಿಯುವ ಗುಂಡುಸೂಜಿ ಚುಚ್ಚಬಾರದು. ನಡುವೆ ಸಿಕ್ಕಿಸಿಟ್ಟ ಎಲೆಯನ್ನೋ ಚೀಟಿಯನ್ನೋ ಅದು ಇರುವ ಪುಟದಲ್ಲೇ ಚಿತ್ರ ತೆಗೆದು ಅಲ್ಲಿಯೇ ಬಿಡಿ. ಚಿತ್ರಗಳ ಎರಡು ಪ್ರತಿಗಳು ಎರಡು ಬೇರೆ ಊರುಗಳಲ್ಲಿರಲಿ. ಇದಕ್ಕಿಂತ ಕಷ್ಟದ ಕೆಲಸವೆಂದರೆ ಅವರ ಸಂಕ್ಷಿಪ್ತ ಗುರುತುಗಳನ್ನು ಬಿಡಿಸುವುದು. "ಹಳೇ ತೋಪು", "ಎರಡನೇ ತೂಬು" ಎಂದು ಅವರು ಬರೆದ ಜಾಗ ಯಾವುದೆಂಬುದು ಜೊತೆಯಲ್ಲಿ ನಡೆದವರಿಗೆ ಮಾತ್ರ ಗೊತ್ತಿರುತ್ತದೆ, ಅವರಿಗೂ ವಯಸ್ಸಾಗಿರುತ್ತದೆ. ಸಮಕಾಲೀನರನ್ನು ಒಂದೆಡೆ ಕೂರಿಸಿ, ಜಾಗಗಳ ಹೆಸರು ಮತ್ತು ನಕ್ಷೆಯಲ್ಲಿ ಅವುಗಳ ನೆಲೆಯನ್ನು ಪಟ್ಟಿ ಮಾಡಿಸಿಕೊಳ್ಳಿ.

ಇಷ್ಟು ಶ್ರಮ ಏಕೆಂದು ಯಾರಾದರೂ ಕೇಳಿದರೆ ಜೋಸೆಫ್ ಗ್ರಿನೆಲ್ ಅವರ ಉದಾಹರಣೆ ಕೊಡಬಹುದು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿ, 1908ರಲ್ಲಿ ಆರಂಭವಾದ ಕಶೇರುಕ (ಬೆನ್ನುಮೂಳೆಯುಳ್ಳ) ಪ್ರಾಣಿಗಳ ಸಂಗ್ರಹಾಲಯದ ಮೊದಲ ನಿರ್ದೇಶಕರಾಗಿ, 1939ರಲ್ಲಿ ಸಾಯುವವರೆಗೂ ದುಡಿದ ಅವರು ದಿನಚರಿ, ನಮೂನೆಗಳ ಪಟ್ಟಿ, ಪ್ರಭೇದವಾರು ಟಿಪ್ಪಣಿ ಎಂದು ಮೂರು ಬಗೆಯ ಬರವಣಿಗೆಯನ್ನು ಶಿಷ್ಯರಿಗೆ ಕಡ್ಡಾಯ ಮಾಡಿದ್ದರು. ಈ ಕೆಲಸದ ನಿಜವಾದ ಬೆಲೆ ಬಹುಶಃ ಒಂದು ಶತಮಾನದ ನಂತರ ತಿಳಿದೀತು ಎಂದು 1910ರಲ್ಲೇ ಬರೆದಿದ್ದರು. ಹಾಗೆಯೇ ಆಯಿತು. 2003ರಿಂದ ಅದೇ ಸಂಗ್ರಹಾಲಯದ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು ಅವೇ ಜಾಗಗಳಿಗೆ ಮತ್ತೆ ಹೋದರು. ಯೊಸೆಮಿಟಿ ಪ್ರದೇಶದಲ್ಲಿ ಅವರು ಹೋಲಿಸಿ ನೋಡಿದ 28 ಬಗೆಯ ಸಣ್ಣ ಸಸ್ತನಿಗಳಲ್ಲಿ ಅರ್ಧದಷ್ಟರ ನೆಲೆಯ ಎಲ್ಲೆ ಸರಾಸರಿ ಸುಮಾರು 500 ಮೀಟರ್ ಮೇಲಕ್ಕೆ ಸರಿದಿತ್ತು. ಹವಾಮಾನ ಬದಲಾವಣೆಯ ಬಗ್ಗೆ ಇಷ್ಟು ಖಚಿತವಾದ ಸಾಕ್ಷ್ಯ ಸಿಕ್ಕಿದ್ದು ಯಾರೋ ಆ ಪುಸ್ತಕಗಳನ್ನು ಎಸೆಯದೆ ಇಟ್ಟಿದ್ದರಿಂದ.

ಒಣಗಿಸಿದ ಗಿಡಗಳ ಹಾಳೆಗಳನ್ನು ಹಿಡಿಯುವಾಗ ಎಚ್ಚರ ಬೇಕು. ಹಿಂದೆ ಕೀಟಬಾಧೆ ತಡೆಯಲು ಹರ್ಬೇರಿಯಂ ಹಾಳೆಗಳಿಗೆ ಮರ್ಕ್ಯುರಿಕ್ ಕ್ಲೋರೈಡ್ ಎಂಬ ಪಾದರಸದ ವಿಷವನ್ನು ಲೇಪಿಸುತ್ತಿದ್ದರು. ಅದು ಹಾಳೆಯಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಆದ್ದರಿಂದ ಕೈಗವಸು, ಮುಖಗವಸು ಧರಿಸಿ, ಗಾಳಿಯಾಡುವ ಕೋಣೆಯಲ್ಲಿ ಕೆಲಸ ಮಾಡಿ. ಹುಳು ಹಿಡಿದ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಮೈನಸ್ 20 ಡಿಗ್ರಿ ಸೆಲ್ಸಿಯಸ್ ತಲಪುವ ಫ್ರೀಜರಿನಲ್ಲಿ ಒಂದು ವಾರ ಇಟ್ಟರೆ ಹುಳು ಸಾಯುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಚೀಟಿ. ಊರು, ದಿನಾಂಕ, ಸಂಗ್ರಹಿಸಿದವರ ಹೆಸರಿರುವ ಆ ಚೀಟಿ ಕಳೆದರೆ ಗಿಡಕ್ಕೆ ವೈಜ್ಞಾನಿಕ ಬೆಲೆ ಹೆಚ್ಚೇನೂ ಉಳಿಯುವುದಿಲ್ಲ. ಅವರು ಬರೆದ ಹೆಸರು ತಪ್ಪಾಗಿದೆ ಎಂದು ತೋರಿದರೂ ಅದನ್ನು ತಿದ್ದಬೇಡಿ. ನಿಮ್ಮ ಹೆಸರು, ದಿನಾಂಕಗಳೊಂದಿಗೆ ಇನ್ನೊಂದು ಚೀಟಿಯನ್ನು ಪಕ್ಕದಲ್ಲಿ ಅಂಟಿಸಿ. ಫಾರ್ಮಲಿನ್ ಎಂಬ ಸಂರಕ್ಷಕ ದ್ರವ ತುಂಬಿದ ಗಾಜಿನ ಜಾಡಿಗಳನ್ನು ಸಿಂಕಿಗೆ ಸುರಿಯದೆ ವಿಭಾಗದ ಪ್ರಯೋಗಾಲಯಕ್ಕೆ ಒಪ್ಪಿಸಿ. ಕೊಂಬು, ತಲೆಬುರುಡೆ, ಚರ್ಮ ಇದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ನೆನಪಿಗೆಂದು ಯಾರೂ ಮನೆಗೆ ಒಯ್ಯದೆ ಅರಣ್ಯ ಇಲಾಖೆಯನ್ನು ವಿಚಾರಿಸಬೇಕು.

ಇವೆಲ್ಲ ಕಡೆಗೆ ಎಲ್ಲಿಗೆ ಹೋಗಬೇಕು? ಕಾಲೇಜಿನಲ್ಲಿ ನೋಡಿಕೊಳ್ಳುವವರಿದ್ದರೆ ಅಲ್ಲಿಯೇ ಇರಲಿ, ಇಲ್ಲದಿದ್ದರೆ ದೊಡ್ಡ ಸಂಸ್ಥೆಗೆ ಸೇರಲಿ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಸಸ್ಯಶಾಸ್ತ್ರಜ್ಞ ಫಾದರ್ ಸೆಸಿಲ್ ಸಲ್ಡಾನಾ ಅವರು ಹಾಸನ ಜಿಲ್ಲೆಯ ಸಸ್ಯಸಂಪತ್ತನ್ನು ಕುರಿತ ಗ್ರಂಥವನ್ನು 1976ರಲ್ಲಿ ಹೊರತಂದರು. ಅವರು ಕಟ್ಟಿದ ಸಸ್ಯಸಂಗ್ರಹ ಇಂದು ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿದೆ, ಸಂಶೋಧಕರು ಅದನ್ನು ಬಳಸುತ್ತಲೇ ಇದ್ದಾರೆ. ಪತ್ರಗಳು, ಹಸ್ತಪ್ರತಿಗಳು, ಧ್ವನಿಮುದ್ರಣಗಳಿಗಾಗಿ ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಆವರಣದಲ್ಲಿ 2019ರಿಂದ ವಿಜ್ಞಾನದ ಇತಿಹಾಸವನ್ನು ಕಾಪಾಡುವ ಸಾರ್ವಜನಿಕ ಸಂಗ್ರಹಾಗಾರವೊಂದಿದೆ. ಪಕ್ಷಿಗಳ ಹಳೆಯ ಪಟ್ಟಿಗಳಲ್ಲಿ ದಿನಾಂಕವೂ ಸ್ಥಳವೂ ಖಚಿತವಾಗಿದ್ದರೆ ಇಬರ್ಡ್ ಜಾಲತಾಣಕ್ಕೆ ಐತಿಹಾಸಿಕ ದಾಖಲೆಯಾಗಿ ಸೇರಿಸಬಹುದು. ಆದರೆ ಅಪರೂಪದ ಆರ್ಕಿಡ್ ಬೆಳೆಯುವ ಜಾಗವನ್ನಾಗಲಿ ಹದ್ದಿನ ಗೂಡಿರುವ ಮರವನ್ನಾಗಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಡಿ. ಬದುಕಿದ್ದಾಗ ಅವರು ಬಚ್ಚಿಟ್ಟದ್ದನ್ನು ಸತ್ತ ಮೇಲೆ ನಾವು ಬಯಲು ಮಾಡಬಾರದು.

ನೆನಪುಗಳನ್ನು ಬರೆಸುವ ಕೆಲಸ ಇದರ ಜೊತೆಗೇ ನಡೆಯಲಿ. "ಅವರು ಹೇಗಿದ್ದರು?" ಎಂದು ಕೇಳಿದರೆ ಸರಳರು, ಸಜ್ಜನರು, ಜ್ಞಾನಿಗಳು ಎಂಬ ಉತ್ತರವೇ ಎಲ್ಲರಿಂದಲೂ ಬರುತ್ತದೆ, ಅದರಲ್ಲಿ ಮನುಷ್ಯ ಕಾಣುವುದಿಲ್ಲ. ಅವರೊಂದಿಗೆ ಹೋದ ಮೊದಲ ಪ್ರವಾಸ ಯಾವ ಊರಿಗೆ, ಯಾವ ಗಿಡದ ಮುಂದೆ ನಿಂತರು, ನೀವು ತಪ್ಪು ಹೆಸರು ಹೇಳಿದಾಗ ಏನು ಮಾಡಿದರು ಎಂದು ಕೇಳಿ. ಕೇಂಬ್ರಿಜ್‌ನ ಸಸ್ಯಶಾಸ್ತ್ರ ಪ್ರಾಧ್ಯಾಪಕ ಜಾನ್ ಸ್ಟೀವನ್ಸ್ ಹೆನ್ಸ್ಲೋ 1861ರಲ್ಲಿ ತೀರಿಕೊಂಡಾಗ, ಅವರ ಭಾವಮೈದುನ ಲೆನರ್ಡ್ ಜೆನಿನ್ಸ್ ಬರೆದು 1862ರಲ್ಲಿ ಪ್ರಕಟಿಸಿದ ಜೀವನಚರಿತ್ರೆಗೆ ಶಿಷ್ಯ ಚಾರ್ಲ್ಸ್ ಡಾರ್ವಿನ್ ಕೆಲವು ಪುಟಗಳನ್ನು ಬರೆದುಕೊಟ್ಟರು. ಹೆನ್ಸ್ಲೋ ಶಿಷ್ಯರನ್ನು ಕರೆದೊಯ್ಯುತ್ತಿದ್ದ ನಡಿಗೆಗಳು ಮುಗಿದು ಆಗಲೇ ಮೂವತ್ತು ವರ್ಷ ಕಳೆದಿತ್ತು. ಆದರೂ ಗ್ಯಾಮ್ಲಿಂಗೆ ಎಂಬ ಊರಿಗೆ ಕಣಿವೆಯ ಲಿಲಿ ಹೂವನ್ನು ನೋಡಲು ಹೋದದ್ದು, ಅಲ್ಲಿ ಅಪರೂಪದ ನೆಲಗಪ್ಪೆಯನ್ನು ಹಿಡಿದದ್ದು, ಜೌಗುನೆಲದಲ್ಲಿ ಚಿಟ್ಟೆಯ ಹಿಂದೆ ಓಡಿ ಫಜೀತಿಪಟ್ಟವರನ್ನು ಕಂಡು ಗುರುಗಳು ಹುಡುಗನಂತೆ ನಕ್ಕದ್ದು ಎಲ್ಲವೂ ಅದರಲ್ಲಿವೆ. ನೂರೈವತ್ತು ವರ್ಷಗಳ ಮೇಲೂ ಹೆನ್ಸ್ಲೋ ನಮ್ಮ ಕಣ್ಣಿಗೆ ಕಟ್ಟುವುದು ಇಂಥ ವಿವರಗಳಿಂದಲೇ. ಶಿಷ್ಯರನ್ನಷ್ಟೇ ಕೇಳಿ ನಿಲ್ಲಿಸದೆ ಪ್ರಯೋಗಾಲಯದ ಅಟೆಂಡರ್, ಪ್ರವಾಸದ ಬಸ್ಸಿನ ಚಾಲಕರು, ಅರಣ್ಯದ ವಾಚರ್ ಇವರನ್ನೂ ಕೇಳಿ ಧ್ವನಿಮುದ್ರಿಸಿಕೊಳ್ಳಿ. ಗುರುಗಳ ಸಿಟ್ಟು, ಹಟಗಳನ್ನು ಯಾರಾದರೂ ಹೇಳಿದರೆ ಅದನ್ನೂ ಸೇರಿಸಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿ 1980ರಲ್ಲಿ ತೀರಿಕೊಂಡರು. ಅವರ ತರಗತಿಯಲ್ಲಿ ಒಂದು ದಿನವೂ ಕೂರದ ಕನ್ನಡಿಗರು ಇಂದಿಗೂ ಅವರನ್ನು ತಮ್ಮ ಮೇಷ್ಟ್ರಂತೆ ನೆನೆಯುತ್ತಾರೆಂದರೆ, ವಿದ್ಯಾರ್ಥಿಗಳೊಂದಿಗಿನ ಸಸ್ಯಸಂಗ್ರಹ ಪ್ರವಾಸಗಳನ್ನು ಅವರು ಕನ್ನಡದಲ್ಲಿ ಬರೆದದ್ದೇ ಅದಕ್ಕೆ ಕಾರಣ. ನಿಮ್ಮ ಸಂಸ್ಮರಣ ಗ್ರಂಥವೂ ವಿಭಾಗದ ಹೊರಗಿನವರು ಓದುವಂಥ ಕನ್ನಡದಲ್ಲಿರಲಿ.

ಗಿಡ ನೆಡುವುದಾದರೆ ಆ ಊರಿನದೇ ಜಾತಿಯನ್ನು ಮುಂಗಾರಿನ ಆರಂಭದಲ್ಲಿ ನೆಟ್ಟು, ಮೊದಲ ಎರಡು ಬೇಸಿಗೆ ನೀರು ಹಾಕುವವರು ಯಾರೆಂದು ಮೊದಲೇ ನಿಗದಿಪಡಿಸಿ. ಹಣ ಕೂಡಿದರೆ ಸಾಮಾನ್ಯವಾಗಿ ದತ್ತಿ ಉಪನ್ಯಾಸ ಇಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ಬಡ್ಡಿಯ ಹಣ ಈಗಿನ ವಿದ್ಯಾರ್ಥಿಗಳ ಬಸ್ಸಿನ ಖರ್ಚಿಗೆ ಹೋಗುವುದು ಮೇಲು. ಪುಣ್ಯತಿಥಿಗೆ ಅಂಟಿಕೊಳ್ಳದೆ, ಅವರು ಯಾವ ತಿಂಗಳಲ್ಲಿ ಯಾವ ಹಾದಿಯಲ್ಲಿ ಪ್ರವಾಸ ಕರೆದೊಯ್ಯುತ್ತಿದ್ದರೋ ಅದೇ ತಿಂಗಳಲ್ಲಿ ಅದೇ ಹಾದಿಯಲ್ಲಿ, ಅರಣ್ಯ ಇಲಾಖೆಯ ಅನುಮತಿ ಬೇಕಾದಲ್ಲಿ ಮುಂಚಿತವಾಗಿ ಪಡೆದು, ಪ್ರತಿ ವರ್ಷ ಒಂದು ಸಣ್ಣ ಗುಂಪು ನಡೆಯಲಿ. ಮುಂದಾಳುತನವನ್ನು ಹಳೆಯ ವಿದ್ಯಾರ್ಥಿಗಳು ಹಿಡಿದಿಟ್ಟುಕೊಳ್ಳದೆ ಎರಡನೇ ವರ್ಷದಿಂದಲೇ ಕಿರಿಯರಿಗೆ ಕೊಡಲಿ. ಕಂಡದ್ದನ್ನೆಲ್ಲ ಅವರದೇ ಮಾದರಿಯಲ್ಲಿ ದಿನಾಂಕ, ವೇಳೆ, ಸ್ಥಳಗಳೊಂದಿಗೆ ಬರೆದು, ಹಳೆಯ ಪುಸ್ತಕದಲ್ಲಿರುವ ಅದೇ ಹಾದಿಯ ಪಟ್ಟಿಯ ಜೊತೆ ಹೋಲಿಸಿ ನೋಡಬೇಕು. ಹೊಸದಾಗಿ ಸೇರಿದ ಪ್ರಭೇದಗಳಂತೆಯೇ ಈ ಸಲ ಹುಡುಕಿಯೂ ಕಾಣದೆ ಹೋದವುಗಳ ಹೆಸರನ್ನೂ ತಪ್ಪದೆ ದಾಖಲಿಸಬೇಕು.